550–0: ಮಿಷಿಗನ್ 1901ರ ಮಾದರಿ ಮೈದಾನ, ಇಲ್ಲಿವರೆಗಿನ ಕೆಲಸ

ಹಲಗೆ ಮುಗಿಯಿತು. ಗೆರೆಗಳೂ ಬಿದ್ದವು. ಹಿತ್ತಲ ಮಣ್ಣನ್ನು ಎರಡು ಸಲ ಜರಡಿ ಹಿಡಿದು, ಪ್ಲೈವುಡ್ ಮೇಲೆ ಫೆವಿಕಾಲ್ ಸವರಿ ಉದುರಿಸಿದೆ. ಒಣಗಿದ ಮೇಲೆ ಬಣ್ಣ ಚೆನ್ನಾಗಿಯೇ ಬಂದಿದೆ.

ಈ ಕೆಲಸದ ಬಗ್ಗೆ ಮೊದಲ ಸಲ ಓದುವವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ಇದು ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. 1901ರ ಸೀಸನ್‌ನಲ್ಲಿ ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ತಂಡ 11 ಪಂದ್ಯ ಆಡಿತು. ಹನ್ನೊಂದನ್ನೂ ಗೆದ್ದಿತು. ಹೊಡೆದದ್ದು 550 ಅಂಕ, ಬಿಟ್ಟುಕೊಟ್ಟದ್ದು ಸೊನ್ನೆ. ಕೊನೆಯ ಪಂದ್ಯ ನಡೆದದ್ದು 1902ರ ಜನವರಿ 1ರಂದು, ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ, ಸ್ಟ್ಯಾನ್‌ಫೋರ್ಡ್ ವಿರುದ್ಧ. ರೋಸ್ ಬೌಲ್ ಎಂಬ ಹೊಸವರ್ಷದ ಕಾಲೇಜು ಪಂದ್ಯಗಳಲ್ಲಿ ಮೊದಲನೆಯದು ಅದೇ. ನಾನು ಕಟ್ಟುತ್ತಿರುವುದು ಆ ದಿನದ ಮೈದಾನ.

ಅಳತೆ 160ಕ್ಕೆ 1. ಮೈದಾನದ ಅಗಲ 160 ಅಡಿ, ಹಾಗಾಗಿ ಹಲಗೆಯಲ್ಲಿ ಸರಿಯಾಗಿ ಒಂದಡಿ. ಉದ್ದ ಆಗ 110 ಗಜ ಇತ್ತು, ಅದು ಸುಮಾರು 63 ಸೆಂ.ಮೀ. ಆಗುತ್ತದೆ. ಈಗಿನ ಮೈದಾನ ನೋಡಿ ಅಭ್ಯಾಸ ಇದ್ದವರು ಎರಡೂ ತುದಿಯ ಎಂಡ್ ಝೋನ್ (ಗೋಲ್ ಗೆರೆಯಾಚೆಗಿನ ಪಟ್ಟಿ) ಎಲ್ಲಿ ಅಂತ ಕೇಳಬಹುದು. ಅದು ಬಂದದ್ದು 1912ರಲ್ಲಿ. ಗೋಲ್‌ಪೋಸ್ಟ್ ನೇರವಾಗಿ ಗೋಲ್ ಗೆರೆಯ ಮೇಲೆಯೇ ನಿಲ್ಲುತ್ತಿತ್ತು. ಅದಕ್ಕೆ ಊದುಬತ್ತಿ ಕಡ್ಡಿ ಹೇಳಿ ಮಾಡಿಸಿದ ಹಾಗಿದೆ. ಹತ್ತು ಅಡಿ ಎತ್ತರದ ಅಡ್ಡಪಟ್ಟಿ ಇಲ್ಲಿ 19 ಮಿ.ಮೀ. ಎತ್ತರದಲ್ಲಿ ಕೂರುತ್ತದೆ.

ಗೆರೆ ಹಾಕುವಾಗಲೇ ನನಗೆ ಈ ತಂಡದ ಸಾಧನೆ ಸರಿಯಾಗಿ ಅರ್ಥವಾದದ್ದು. ಅಡ್ಡಗೆರೆಗಳು ಐದೈದು ಗಜಕ್ಕೆ ಒಂದು. ಆಗಿನ ನಿಯಮ ಏನೆಂದರೆ, ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋದರೆ ಸಾಕು, ಚೆಂಡು ನಿಮ್ಮಲ್ಲೇ ಉಳಿಯುತ್ತದೆ. ಈಗ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ. ಅಂದರೆ ಆಗ ಪ್ರತಿ ಸಲ ಎರಡು ಗಜ ತಳ್ಳಿಕೊಂಡು ಹೋದರೂ ಗೋಲ್ ಗೆರೆ ತನಕ ತಲುಪಬಹುದು. ಎರಡು ಗಜ ಅಂದರೆ ಆರಡಿ. ನನ್ನ 11 ಮಿ.ಮೀ. ಗೊಂಬೆಯನ್ನು ಮುಂದಕ್ಕೆ ಮಲಗಿಸಿ ನೋಡಿದೆ. ನಿಂತ ಆಳು ಮುಂದಕ್ಕೆ ಬಿದ್ದರೆ ಸಿಗುವಷ್ಟು ಜಾಗ, ಅಷ್ಟೇ!

ಎದುರಾಳಿಗೆ ಅಷ್ಟನ್ನೂ ಬಿಡದೆ ತಡೆಯಬೇಕಿತ್ತು. ಅದೂ ಹನ್ನೊಂದು ಪಂದ್ಯದಲ್ಲಿ. ದಾಳಿ ಮಾಡುವವರೇ ತಡೆಯಲೂ ನಿಲ್ಲಬೇಕಿದ್ದ ಕಾಲ ಅದು. ಎಲ್ಲರೂ 550ರ ಬಗ್ಗೆ ಮಾತಾಡುತ್ತಾರೆ. ನನಗಂತೂ ಆ ಸೊನ್ನೆಯೇ ದೊಡ್ಡದು.

ಅದನ್ನು ತೋರಿಸಲು ಮೈದಾನದ ಪಕ್ಕದಲ್ಲಿ ಒಂದು ಪಟ್ಟಿ ಸೇರಿಸಿದ್ದೇನೆ. ಪ್ರತಿ ಪಂದ್ಯಕ್ಕೆ ಒಂದು ಬಿದಿರು ಕಡ್ಡಿ, ಒಂದು ಅಂಕಕ್ಕೆ ಒಂದು ಮಿ.ಮೀ. ಆಲ್ಬಿಯನ್ 50, ಕೇಸ್ 57, ಇಂಡಿಯಾನಾ 33, ನಾರ್ತ್‌ವೆಸ್ಟರ್ನ್ 29, ಬಫಲೋ 128, ಕಾರ್ಲೈಲ್ 22, ಒಹಾಯೋ ಸ್ಟೇಟ್ 21, ಶಿಕಾಗೋ 22, ಬೆಲಾಯ್ಟ್ 89, ಅಯೋವಾ 50, ಸ್ಟ್ಯಾನ್‌ಫೋರ್ಡ್ 49. ಎದುರಾಳಿ ಸಾಲಿನಲ್ಲೂ ಹನ್ನೊಂದು ತೂತು ಕೊರೆದು ಖಾಲಿ ಬಿಟ್ಟಿದ್ದೇನೆ. ಬಫಲೋದ ಉದ್ದ ಕಡ್ಡಿ ಮೊದಲು ಕಣ್ಣಿಗೆ ಬೀಳುತ್ತದೆ, ನಿಜ. ಆದರೆ ಮಧ್ಯದ ಮೂರು ಗಿಡ್ಡ ಕಡ್ಡಿಗಳನ್ನು ನೋಡಿ ಅಂತ ನಾನು ಹೇಳುವುದು. ಕಾರ್ಲೈಲ್‌ಗೆ ಪಾಪ್ ವಾರ್ನರ್ ಕೋಚ್, ಶಿಕಾಗೋಗೆ ಅಮೋಸ್ ಅಲೊಂಜೊ ಸ್ಟ್ಯಾಗ್. ಅಂಥವರು ಕಲಿಸಿದ ತಂಡಗಳಿಗೂ ಒಂದು ಅಂಕವೂ ಸಿಗಲಿಲ್ಲ.

ಇನ್ನು ಗೊಂಬೆಗಳು. ತಾಮ್ರದ ತಂತಿ ಬಗ್ಗಿಸಿ, ಮೇಲೆ ಎಪಾಕ್ಸಿ ಮೆತ್ತಿ, ಸೂಜಿಯಿಂದ ಆಕಾರ ಕೊಡುತ್ತಿದ್ದೇನೆ. ಮಿಷಿಗನ್‌ಗೆ ಕಡುನೀಲಿ. ಈಗ ಪ್ರಸಿದ್ಧವಾದ ರೆಕ್ಕೆ ಚಿತ್ರದ ಹೆಲ್ಮೆಟ್ ಹಾಕಬೇಡಿ, ಅದು 1938ರದ್ದು.

ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದರಲ್ಲಿ ಜಾಸ್ತಿ ಹೊತ್ತು ಹೋಗುತ್ತಿದೆ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಹಾಗಾಗಿ ಎಲ್ಲರೂ ಒತ್ತೊತ್ತಾಗಿ ನಿಲ್ಲಬೇಕು. ಕ್ವಾರ್ಟರ್‌ಬ್ಯಾಕ್ ಬಾಸ್ ವೀಕ್ಸ್ ಚೆಂಡು ಪಡೆದು ಬೇರೆಯವರಿಗೆ ಕೊಡಬೇಕು, ತಾನೇ ನುಗ್ಗುವ ಹಾಗಿರಲಿಲ್ಲ. ಅವನ ಹಿಂದೆ ವಿಲ್ಲಿ ಹೆಸ್ಟನ್ ಮತ್ತು ನೀಲ್ ಸ್ನೋ.

ಹೆಸ್ಟನ್ ಅಲ್ಲಿಗೆ ಬಂದದ್ದು ಕೋಚ್ ಫೀಲ್ಡಿಂಗ್ ಯೋಸ್ಟ್ ದೆಸೆಯಿಂದ. ಯೋಸ್ಟ್ 1900ರಲ್ಲಿ ಸ್ಟ್ಯಾನ್‌ಫೋರ್ಡ್ ಕೋಚ್ ಆಗಿದ್ದವರು. ಅಲ್ಲೇ ಓದಿದವರೇ ಕೋಚ್ ಆಗಬೇಕು ಅಂತ ನಿಯಮ ಬಂತು, ಇವರು ಹೊರಟರು. ಸ್ಯಾನ್ ಹೋಸೆಯಲ್ಲಿ ತಾವು ಪಳಗಿಸಿದ ಹೆಸ್ಟನ್‌ನನ್ನೂ ಮಿಷಿಗನ್‌ಗೆ ಒಲಿಸಿದರು. ಒಂದು ಪ್ರಯತ್ನ ಮುಗಿದು ಎಲ್ಲರೂ ಏಳುವ ಮೊದಲೇ ಮುಂದಿನದನ್ನು ಶುರು ಮಾಡಿಸುತ್ತಿದ್ದರಂತೆ, ಅದಕ್ಕೇ ಅವರಿಗೆ ‘ಹರಿ ಅಪ್’ ಯೋಸ್ಟ್ ಅಂತ ಹೆಸರು. ಅದೇ ಯೋಸ್ಟ್ ಮರು ಸೀಸನ್‌ನಲ್ಲೇ ಸ್ಟ್ಯಾನ್‌ಫೋರ್ಡ್ ಎದುರು ಬಂದು ನಿಂತದ್ದು ಎಂಥ ಕಥೆ, ಅಲ್ವಾ!

ಆ ದಿನ ಸ್ನೋ ಐದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಮಾಡಿದ. ಟಚ್‌ಡೌನ್‌ಗೆ ಆಗ ಐದೇ ಅಂಕ, ಹಾಗಾಗಿ ಅವನೊಬ್ಬನದೇ 25. ಮಿಷಿಗನ್ ಒಬ್ಬ ಆಟಗಾರನನ್ನೂ ಬದಲಿಸದೆ ಅದೇ ಹನ್ನೊಂದು ಜನರಲ್ಲಿ ಆಡಿತು. ಎಂಟು ನಿಮಿಷ ಬಾಕಿ ಇರುವಾಗ ಸ್ಟ್ಯಾನ್‌ಫೋರ್ಡ್ ಕ್ಯಾಪ್ಟನ್ ಆಟ ನಿಲ್ಲಿಸೋಣ ಎಂದು ಕೇಳಿದ. ಮಾದರಿಯಲ್ಲಿ ತೋರಿಸಬೇಕಾದ್ದು ಆ ಸೋಲನ್ನಲ್ಲ ಅಂತ ತೀರ್ಮಾನಿಸಿದ್ದೇನೆ. ಸ್ಟ್ಯಾನ್‌ಫೋರ್ಡ್ ಚೆಂಡು ಹಿಡಿದು ಮೂರನೇ ಪ್ರಯತ್ನಕ್ಕೆ ನುಗ್ಗುತ್ತಿದೆ, ಮಿಷಿಗನ್ ಸಾಲು ತಡೆದು ನಿಂತಿದೆ. ಅದೇ ದೃಶ್ಯ.

ಮಿಷಿಗನ್ ಕಡೆಯ ಗೊಂಬೆಗಳು ಮುಗಿದಿವೆ. ಸ್ಟ್ಯಾನ್‌ಫೋರ್ಡ್‌ನವರಿಗೆ ಕಡುಗೆಂಪು ಇನ್ನೊಂದು ಕೈ ಬಳಿಯಬೇಕು. ಆಮೇಲೆ ಅಂಚಿನಲ್ಲಿ ಜನ ನಿಲ್ಲುವ ಜಾಗ. 11 ಮಿ.ಮೀ. ಎತ್ತರದ ಟೋಪಿ ಹಾಕಿದ ಪ್ರೇಕ್ಷಕರನ್ನು ಬೇಗ ಬೇಗ ಮಾಡುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.