ಇಸಿಎಂ ಮೇಲಿನ ಅನುಮಾನ ಕೊನೆಗಿರಲಿ

ಜುಲೈ ತಿಂಗಳ ಒಂದು ಸಂಜೆ ಉಡುಪಿಯಿಂದ ತೀರ್ಥಹಳ್ಳಿಗೆ ಮರಳುತ್ತಿದ್ದಾಗ, ಆಗುಂಬೆ ಘಾಟಿಯ ತಿರುವೊಂದರಲ್ಲಿ ನಮ್ಮ ಹತ್ತು ವರ್ಷ ಹಳೆಯ ಪೆಟ್ರೋಲ್ ಕಾರು ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಯಿತು. ಸೆಲ್ಫ್ ಹೊಡೆದರೆ ಇಂಜಿನ್ ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಹತ್ತಿಕೊಳ್ಳುತ್ತಿರಲಿಲ್ಲ. ಮಳೆಯ ಸದ್ದಿನ ನಡುವೆಯೂ ಎರಡು ಸಂಗತಿಗಳು ನನ್ನ ಗಮನಕ್ಕೆ ಬಂದವು. ಕೀಲಿ ತಿರುಗಿಸಿದೊಡನೆ ಹಿಂದಿನ ಸೀಟಿನ ಕೆಳಗಿನಿಂದ ಒಂದೆರಡು ಕ್ಷಣ ಕೇಳಿಬರುವ ಪೆಟ್ರೋಲ್ ಪಂಪಿನ ಗುಂಯ್ ಸದ್ದು ಇರಲಿಲ್ಲ. ಮೀಟರ್ ಫಲಕದಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೂ ಹೊತ್ತಿರಲಿಲ್ಲ. ಸುಮಾರು ಇಪ್ಪತ್ತೈದು ನಿಮಿಷ ಕಳೆದು ಮತ್ತೆ ಕೀಲಿ ತಿರುಗಿಸಿದಾಗ ದೀಪವೂ ಬಂತು, ಸದ್ದೂ ಬಂತು, ಏನೂ ಆಗದಂತೆ ಗಾಡಿ ಹೊರಟಿತು.

ಆ ಹಳದಿ ದೀಪವನ್ನು ನಾವು ಸಾಮಾನ್ಯವಾಗಿ ಹೊತ್ತಿದಾಗ ಮಾತ್ರ ಗಮನಿಸುತ್ತೇವೆ. ಇಂಜಿನ್ ಚಾಲೂ ಮಾಡುವ ಮೊದಲು, ಬರೀ ಕೀಲಿ ತಿರುಗಿಸಿದಾಗ ಅದು ಹೊತ್ತದಿದ್ದರೆ ಅದು ಇನ್ನೂ ದೊಡ್ಡ ಸುದ್ದಿ. ನಮ್ಮ ಗಾಡಿಯಲ್ಲಿ ಆ ದೀಪ ಬೆಳಗಬೇಕಾದರೂ, ಪಂಪಿಗೆ ಕರೆಂಟು ಹಾಯಿಸುವ ಸ್ವಿಚ್ಚಾದ ರಿಲೇ ಎಳೆದುಕೊಳ್ಳಬೇಕಾದರೂ ಇಂಜಿನ್ ನಡೆಸುವ ಪುಟ್ಟ ಕಂಪ್ಯೂಟರಾದ ಇಂಜಿನ್ ನಿಯಂತ್ರಣ ಮಾಡ್ಯೂಲಿನ, ಅಂದರೆ ಗ್ಯಾರೇಜಿನ ಮಾತಿನಲ್ಲಿ ಇಸಿಎಂನ, ಅಪ್ಪಣೆ ಬೇಕು. ಎರಡೂ ಒಟ್ಟಿಗೆ ಇಲ್ಲವೆಂದರೆ ಆ ಹೊತ್ತಿನಲ್ಲಿ ಇಸಿಎಂ ಎಚ್ಚರವಾಗಿಲ್ಲವೆಂದೇ ಅರ್ಥ. ಆದರೆ ಎಚ್ಚರವಾಗದಿರುವುದು ಬೇರೆ, ಕೆಟ್ಟಿರುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸವನ್ನು ಸಾಬೀತುಪಡಿಸಲು ನನಗೆ ಒಂದು ತಿಂಗಳಿಗೂ ಹೆಚ್ಚು ಸಮಯ ಹಿಡಿಯಿತು.

ಮೊದಲು ಗಾಡಿಯನ್ನು ಸರ್ವಿಸ್ ಸೆಂಟರಿಗೆ ಒಯ್ದೆವು. ಸ್ಕ್ಯಾನರಿನಲ್ಲಿ ಪಿ0335 ಎಂಬ ದೋಷಸಂಖ್ಯೆ ಕಂಡಿತು. ಅದು ಇಂಜಿನ್ ತಿರುಗುವುದನ್ನು ಗ್ರಹಿಸುವ ಕ್ರ್ಯಾಂಕ್ ಶಾಫ್ಟ್ ಸೆನ್ಸರಿನ ಸರ್ಕ್ಯೂಟಿಗೆ ಸಂಬಂಧಿಸಿದ್ದು. ಸೆನ್ಸರ್ ಬದಲಾಯಿಸಿ ಕಳಿಸಿದರು. ನಾಲ್ಕನೆಯ ದಿನ ಗಾಡಿ ಮತ್ತೆ ನಿಂತಿತು. ಎರಡನೆಯ ಸಲ ಹೋದಾಗ ಹೆಚ್ಚಿನ ಪರೀಕ್ಷೆಯಿಲ್ಲದೆ "ಇಸಿಎಂ ಹೋಗಿದೆ, ಹೊಸದು ಹಾಕಬೇಕು" ಎಂದರು. ದೋಷಸಂಖ್ಯೆಯು ಯಾವ ಸರ್ಕ್ಯೂಟಿನಲ್ಲಿ ತೊಂದರೆ ಕಂಡಿತೆಂದು ಹೇಳುತ್ತದೆಯೇ ಹೊರತು ಯಾವ ಬಿಡಿಭಾಗ ಕೆಟ್ಟಿತೆಂದು ಹೇಳುವುದಿಲ್ಲ. ವಿದ್ಯುತ್ ಸರಬರಾಜು ಕ್ಷಣಕಾಲ ಕುಸಿದರೂ ಅಂಥ ಸಂಖ್ಯೆ ದಾಖಲಾಗಬಹುದು. ಹೀಗಾಗಿ ನಾನು ಗಾಡಿಯನ್ನು ಮನೆಗೆ ತಂದೆ.

ನಮ್ಮೂರಿನಲ್ಲಿ ಹಲವು ದಶಕಗಳಿಂದ ವಾಹನಗಳ ವೈರಿಂಗ್ ಕೆಲಸ ಮಾಡುತ್ತಿರುವ ಹಿರಿಯರೊಬ್ಬರಿದ್ದಾರೆ. ಡೈನಮೋ ಕಾಲದಿಂದ ಬಂದವರಾದರೂ ಕೈಯಲ್ಲಿ ಒಳ್ಳೆಯ ಸ್ಕ್ಯಾನರ್ ಇದೆ, ಅದಕ್ಕಿಂತ ಒಳ್ಳೆಯ ತಾಳ್ಮೆಯಿದೆ. ನಾನು ಫ್ಯೂಸುಗಳನ್ನೂ ಇಸಿಎಂಗೆ ವೈರುಗಳು ಸೇರುವ ಪ್ಲಗ್ಗಾದ ಕಪ್ಲರಿನ ವೋಲ್ಟೇಜನ್ನೂ ಮೀಟರಿನಲ್ಲಿ ಅಳೆದು 12.5 ವೋಲ್ಟ್ ಇದೆಯೆಂದು ಹೇಳಿದಾಗ ಅವರು ತಲೆಯಲ್ಲಾಡಿಸಿದರು. "ಸಾರ್, ಮೀಟರು ಹನ್ನೆರಡು ತೋರ್ಸತ್ತೆ, ಅದನ್ನ ನಂಬ್ಬೇಡಿ. ಬಲ್ಬ್ ಹಾಕಿ ನೋಡಿ, ಆಗ ವೈರಿನ ಯೋಗ್ಯತೆ ಗೊತ್ತಾಗತ್ತೆ" ಎಂದರು. ಅವರ ಮಾತು ಪೂರ್ತಿ ಸರಿ. ಮೀಟರ್ ತಾನು ಹೆಚ್ಚುಕಡಿಮೆ ಕರೆಂಟನ್ನೇ ಎಳೆಯದಿರುವುದರಿಂದ, ಒಳಗೆ ತುಕ್ಕು ಹಿಡಿದು ಒಂದೇ ಎಳೆ ಉಳಿದಿರುವ ವೈರಿನಲ್ಲೂ ಅದು ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ಅದೇ ವೈರಿಗೆ ಬ್ರೇಕ್ ದೀಪದ 21 ವ್ಯಾಟ್ ಬಲ್ಬನ್ನು ಸೇರಿಸಿದರೆ ಸುಮಾರು ಒಂದೂಮುಕ್ಕಾಲು ಆಂಪಿಯರ್ ಹರಿಯಬೇಕಾಗಿ ಬಂದು, ವೈರು ಸೋತಿದ್ದರೆ ಬಲ್ಬು ಮಂಕಾಗಿ ಬಿಡುತ್ತದೆ. ಈ ಪರೀಕ್ಷೆಯನ್ನು ಇಸಿಎಂನಿಂದ ಕಪ್ಲರ್ ಬಿಚ್ಚಿಟ್ಟುಕೊಂಡು, ಸರಬರಾಜಿನ ವೈರುಗಳಿಗೆ ಮಾತ್ರ ಮಾಡಬೇಕು. ಸೆನ್ಸರುಗಳ ವೈರಿಗೆ ಬಲ್ಬು ಹಚ್ಚಬಾರದು. ಕಪ್ಲರಿನ ಬಾಯಿಗೆ ದಪ್ಪ ಪ್ರೋಬ್ ತುರುಕುವುದೂ ತಪ್ಪು, ಅದರಿಂದ ಒಳಗಿನ ಟರ್ಮಿನಲ್ ಅಗಲವಾಗಿ ಹೊಸ ತೊಂದರೆಯೊಂದು ಹುಟ್ಟಿಕೊಳ್ಳುತ್ತದೆ.

ಬ್ಯಾಟರಿಯಿಂದ ಬರುವ ವೈರಿನಲ್ಲೂ ಕೀಲಿಯಿಂದ ಬರುವ ವೈರಿನಲ್ಲೂ ಬಲ್ಬು ಪ್ರಖರವಾಗಿಯೇ ಉರಿಯಿತು. ಆಮೇಲೆ ಅರ್ಥ್ ನೋಡಿದೆವು. ಕಪ್ಲರನ್ನು ಮತ್ತೆ ಜೋಡಿಸಿ, ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇಸಿಎಂನ ಅರ್ಥ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜನ್ನು ಅಳೆದಾಗ 0.8 ವೋಲ್ಟ್ ಬಂತು. ಅದು 0.1 ವೋಲ್ಟಿನ ಒಳಗಿರಬೇಕು. ಬ್ಯಾಟರಿ ತಟ್ಟೆಯ ಕೆಳಗಿದ್ದ ಅರ್ಥ್ ಬೋಲ್ಟನ್ನು ಬಿಚ್ಚಿದರೆ ಅದರ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ ಸ್ವಚ್ಛಗೊಳಿಸಿ, ಹೊಸ ವಾಷರ್ ಹಾಕಿ ಬಿಗಿದ ಮೇಲೆ 0.04 ವೋಲ್ಟಿಗೆ ಇಳಿಯಿತು. ಕಳ್ಳ ಸಿಕ್ಕಿದನೆಂದೇ ನಾವು ಭಾವಿಸಿದೆವು. ಒಂಬತ್ತು ದಿನ ಗಾಡಿ ಒಮ್ಮೆಯೂ ನಿಲ್ಲಲಿಲ್ಲ. ಹತ್ತನೆಯ ದಿನ ಶಿವಮೊಗ್ಗದ ರಸ್ತೆಯಲ್ಲಿ, ಮಂಡಗದ್ದೆ ದಾಟಿದ ಮೇಲೆ, ಮೊದಲಿನಂತೆಯೇ ನಿಂತಿತು. ಅರ್ಥ್ ಕೆಟ್ಟಿದ್ದು ನಿಜ, ಅದನ್ನು ಸರಿಪಡಿಸಿದ್ದೂ ಅಗತ್ಯವೇ. ಆದರೆ ಗಾಡಿ ನಿಲ್ಲುತ್ತಿದ್ದುದಕ್ಕೆ ಅದು ಕಾರಣವಾಗಿರಲಿಲ್ಲ. ಆಗಾಗ ಬಂದು ಹೋಗುವ ದೋಷವನ್ನು ಹುಡುಕುವಾಗ ಇಂಥ ಅರೆಗೆಲುವುಗಳಿಂದ ಆಗುವ ನಿರಾಸೆ ದೊಡ್ಡದು.

ಈ ಸಲ ಸ್ಕ್ಯಾನರ್ ನನ್ನ ಬಳಿಯೇ ಇತ್ತು. ಗಾಡಿ ರಸ್ತೆಬದಿಯಲ್ಲಿ ನಿಂತಿದ್ದಾಗಲೇ ಜೋಡಿಸಿದೆ. ಬ್ರೇಕಿನ ಎಬಿಎಸ್ ಮಾಡ್ಯೂಲು ಮಾತಾಡಿತು, ಸ್ಟಿಯರಿಂಗ್ ಮಾಡ್ಯೂಲು ಮಾತಾಡಿತು, ಇಸಿಎಂ ಮಾತ್ರ ಉತ್ತರಿಸಲಿಲ್ಲ. ಎಬಿಎಸ್‌ನಲ್ಲಿ ಯು0100 ಎಂಬ ಸಂಖ್ಯೆ ದಾಖಲಾಗಿತ್ತು. ಇಸಿಎಂ ಜತೆಗಿನ ಸಂಪರ್ಕ ತಪ್ಪಿತೆಂದು ಎಬಿಎಸ್ ನೆರೆಮನೆಯವರಂತೆ ಕೊಟ್ಟ ಸಾಕ್ಷ್ಯವದು. ಇಲ್ಲಿ ಸಂಪರ್ಕದ ವೈರುಗಳನ್ನೂ ಅನುಮಾನಿಸಬೇಕಾಗುತ್ತದೆ. ಕ್ಯಾನ್ ಎಂದು ಕರೆಯುವ ಆ ಎರಡು ಹೆಣೆದ ವೈರುಗಳ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದರೆ ಎರಡೂ ಸಮಾಂತರವಾಗಿ ಸೇರಿ 60 ಓಮ್ ಸಿಗಬೇಕು. ಮನೆಗೆ ಬಂದು ಅಳೆದಾಗ ಸರಿಯಾಗಿ 60 ಸಿಕ್ಕಿತು. ಇಸಿಎಂ ಕಪ್ಲರ್ ಎಳೆದಾಗ 120 ಆಯಿತು, ಏಕೆಂದರೆ ನಮ್ಮ ಗಾಡಿಯಲ್ಲಿ ಒಂದು ರೆಸಿಸ್ಟರ್ ಇಸಿಎಂನ ಒಳಗೇ ಇದೆ. ಅಲ್ಲಿಗೆ ವೈರು ಇಸಿಎಂವರೆಗೆ ತುಂಡಾಗದೆ ತಲುಪುತ್ತಿದೆಯೆಂದು ಖಚಿತವಾಯಿತು.

ಉಳಿದದ್ದು 5 ವೋಲ್ಟಿನ ಪ್ರಶ್ನೆ. ಇಸಿಎಂ ಬ್ಯಾಟರಿಯ 12 ವೋಲ್ಟನ್ನು ಒಳಗೆ 5 ವೋಲ್ಟಿಗೆ ಇಳಿಸಿಕೊಂಡು ತನ್ನ ಕೆಲಸಕ್ಕೂ ಬಳಸುತ್ತದೆ, ಥ್ರಾಟಲ್, ಆಕ್ಸಿಲರೇಟರ್ ಪೆಡಲ್, ಇನ್‌ಟೇಕ್ ಒತ್ತಡದ ಸೆನ್ಸರ್, ಏಸಿ ಗ್ಯಾಸಿನ ಒತ್ತಡದ ಸೆನ್ಸರ್ ಇವುಗಳಿಗೂ ಹಂಚುತ್ತದೆ. ಇವುಗಳಲ್ಲಿ ಒಂದೇ ಒಂದು ಒಳಗೆ ಶಾರ್ಟ್ ಆದರೂ ಆ ಸಾಲಿನ ವೋಲ್ಟೇಜು ಪೂರ್ತಿ ಕುಸಿದು, ನಿರಪರಾಧಿಯಾದ ಇಸಿಎಂ ಸತ್ತಂತೆ ಕಾಣುವ ಸಾಧ್ಯತೆಯಿದೆ. ಅಗ್ಗದ ಸೆನ್ಸರೊಂದರ ದೋಷಕ್ಕೆ ದುಬಾರಿ ಮಾಡ್ಯೂಲನ್ನು ಬದಲಿಸುವುದು ಇಲ್ಲಿಯೇ.

ದೋಷ ನಮ್ಮೆದುರೇ ಬರಲೆಂದು ಇಂಜಿನ್ ಓಡುತ್ತಿರುವಾಗ, ಬ್ಯಾಟರಿಯ ಪಕ್ಕದಲ್ಲಿದ್ದ ಇಸಿಎಂನ ಅಲ್ಯೂಮಿನಿಯಂ ಹೊದಿಕೆಗೆ ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿಗಾಳಿ ಊದಿದೆವು. ಬಣ್ಣ ಕೀಳುವ ಹೀಟ್ ಗನ್ ಇದಕ್ಕೆ ಸಲ್ಲದು. ಡ್ರೈಯರಿನ ಶಾಖ ಬಾನೆಟ್ಟಿನೊಳಗೆ ಬೇಸಿಗೆಯ ಮಧ್ಯಾಹ್ನ ಇರುವ ಶಾಖಕ್ಕಿಂತ ಬಹಳ ಹೆಚ್ಚಲ್ಲದ ಕಾರಣ ಆರೋಗ್ಯವಾಗಿರುವ ಮಾಡ್ಯೂಲು ಅದನ್ನು ತಡೆದುಕೊಳ್ಳಲೇಬೇಕು. ಆರನೆಯ ನಿಮಿಷಕ್ಕೆ ಇಂಜಿನ್ ನಿಂತಿತು. ತಕ್ಷಣ ಅಳೆದರೆ 5 ವೋಲ್ಟಿನ ಸಾಲಿನಲ್ಲಿ 0.6 ವೋಲ್ಟ್. ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚಿದೆವು, ವೋಲ್ಟೇಜು ಮೇಲೇಳಲಿಲ್ಲ. ಇಂಜಿನ್ ಕಡೆಯ ಕಪ್ಲರನ್ನೇ ಪೂರ್ತಿ ಕಳಚಿ, ಸರಬರಾಜು ಮತ್ತು ಕ್ಯಾನ್ ಇರುವ ಕಪ್ಲರನ್ನು ಮಾತ್ರ ಬಿಟ್ಟೆವು. ಸ್ಕ್ಯಾನರಿಗೆ ಉತ್ತರ ಬರಲಿಲ್ಲ. ನಮ್ಮ ಗಾಡಿಯಲ್ಲಿ ಇಸಿಎಂಗೆ ಕರೆಂಟು ಕೊಡುವ ಮುಖ್ಯ ರಿಲೇಯನ್ನು ಎಳೆಯುವುದೂ ಇಸಿಎಂ ಆದ್ದರಿಂದ, ರಿಲೇ ಕಿತ್ತು ಅದರ ಸಾಕೆಟ್ಟಿನ 30 ಮತ್ತು 87ನೆಯ ತುದಿಗಳನ್ನು ಫ್ಯೂಸ್ ಇರುವ ವೈರಿನಿಂದ ನೇರವಾಗಿ ಸೇರಿಸಿಯೂ ನೋಡಿದೆವು, ಬದಲಾವಣೆಯಿಲ್ಲ. ಟೇಬಲ್ ಫ್ಯಾನಿನ ಗಾಳಿಗೆ ಹತ್ತು ನಿಮಿಷ ತಣಿಸಿದ ಕೂಡಲೇ 5 ವೋಲ್ಟ್ ಮರಳಿತು. ಇದನ್ನು ಮೂರು ಸಲ ಮಾಡಿದೆವು, ಮೂರು ಸಲವೂ ಹಾಗೆಯೇ ಆಯಿತು. ರಿಲೇ ಪೆಟ್ಟಿಗೆಗೂ ಹೊಸ ಕ್ರ್ಯಾಂಕ್ ಸೆನ್ಸರಿಗೂ ಅಷ್ಟೇ ಹೊತ್ತು ಬಿಸಿಗಾಳಿ ಊದಿದರೆ ಇಂಜಿನ್ ನಿಲ್ಲಲಿಲ್ಲ. ಸರ್ವಿಸ್ ಸೆಂಟರಿನವರು ಹೇಳಿದ್ದು ಕೊನೆಗೂ ನಿಜವೇ ಆಯಿತು. ಆದರೆ ಅವರ ಮಾತು ಊಹೆಯಾಗಿತ್ತು. ಆ ಊಹೆಗೆ ನಾನು ಹಣ ತೆತ್ತಿದ್ದರೆ ಕಿಲುಬು ಹಿಡಿದ ಅರ್ಥ್ ಹಾಗೆಯೇ ಉಳಿದು, ಹೊಸ ಮಾಡ್ಯೂಲೂ ಅದರ ಮೇಲೆಯೇ ಕೂರುತ್ತಿತ್ತು.

ಹೊದಿಕೆಯ ಅಂಟನ್ನು ಬಿಡಿಸಿ ನೋಡಿದಾಗ ಕಪ್ಲರ್ ಪಿನ್ನುಗಳ ಹಿಂದೆ ಬಿಳಿ ಹಸಿರು ಪುಡಿ ಹರಡಿ, ವೋಲ್ಟೇಜ್ ಇಳಿಸುವ ಬಿಡಿಭಾಗದ ಬೆಸುಗೆಯನ್ನೂ ಅದರ ಕೆಳಗಿನ ತಾಮ್ರದ ಗೆರೆಗಳನ್ನೂ ತಿಂದಿತ್ತು. ಬೆಸುಗೆ ಮಾತ್ರ ಬಿರುಕು ಬಿಟ್ಟಿದ್ದರೆ ರಿಪೇರಿ ಮಾಡಿಸುತ್ತಿದ್ದೆ. ಗೆರೆಗಳೇ ಸವೆದ ಬೋರ್ಡನ್ನು ನಂಬಿಕೊಂಡು ಘಾಟಿ ಇಳಿಯಲು ಮನಸ್ಸಾಗಲಿಲ್ಲ.

ಬದಲಾಯಿಸುವುದೆಂದರೆ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುವುದಷ್ಟೇ ಅಲ್ಲ. ಕೀಲಿಯ ತಲೆಯಲ್ಲಿರುವ ಚಿಪ್ಪಿನ ಗುರುತು ಇಸಿಎಂ ನೆನಪಿನಲ್ಲಿರುವ ಗುರುತಿಗೆ ತಾಳೆಯಾಗದಿದ್ದರೆ ಇಮ್ಮೊಬಿಲೈಸರ್ ಇಂಜಿನನ್ನು ಹತ್ತಲು ಬಿಡುವುದಿಲ್ಲ. ಹೊಸ ಮಾಡ್ಯೂಲಾದರೆ ಡೀಲರ್ ಕಡೆಯಿಂದ ಕೀಲಿಯ ಗುರುತು, 17 ಅಕ್ಷರಾಂಕಿಗಳ ವಾಹನ ಸಂಖ್ಯೆ ಮತ್ತು ತಕ್ಕ ಸಾಫ್ಟ್‌ವೇರ್ ಬರೆಸಬೇಕು. ಅದು ಬರಲು ತುಂಬ ದಿನ ಕಾಯಬೇಕಾಗಿದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಬಳಸಿದ ಮಾಡ್ಯೂಲೊಂದನ್ನು ಪಡೆದೆ. ಹೊರನೋಟಕ್ಕೆ ಒಂದೇ ಬಗೆಯ ಪೆಟ್ಟಿಗೆಗಳು ಹಲವಿರುತ್ತವೆ. ಲೇಬಲ್ಲಿನ ಮೇಲಿನ ಹಾರ್ಡ್‌ವೇರ್ ಸಂಖ್ಯೆ ಕೊನೆಯ ಅಕ್ಷರದವರೆಗೂ ಹೊಂದಬೇಕು. ಹಳೆಯ ಮಾಡ್ಯೂಲು ತಣ್ಣಗಿರುವಾಗ ಬದುಕಿರುತ್ತಿದ್ದುದು ಅದೃಷ್ಟ, ಅದರ ನೆನಪಿನಲ್ಲಿದ್ದುದನ್ನೆಲ್ಲ ತಂತ್ರಜ್ಞರೊಬ್ಬರು ಆ ಬಳಸಿದ ಮಾಡ್ಯೂಲಿಗೆ ಯಥಾವತ್ತಾಗಿ ನಕಲು ಮಾಡಿಕೊಟ್ಟರು. ಕೆಲಸ ಆರಂಭಿಸುವ ಮೊದಲು ಅವರು ಗಾಡಿಯ ಆರ್‌ಸಿಯನ್ನೂ ನನ್ನ ಗುರುತಿನ ಚೀಟಿಯನ್ನೂ ಕೇಳಿ ಪಡೆದದ್ದು ನನಗೆ ಬಹಳ ಸರಿಯೆನಿಸಿತು, ಏಕೆಂದರೆ ಇದೇ ವಿದ್ಯೆಯಿಂದ ಕಳವಿನ ಗಾಡಿಯನ್ನೂ ಹತ್ತಿಸಬಹುದು.

ಜೋಡಿಸುವ ದಿನ ಕೀಲಿ ತೆಗೆದು, ಇಸಿಎಂ ಪೂರ್ತಿ ಮಲಗಲೆಂದು ಹತ್ತು ನಿಮಿಷ ಕಾದು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿದೆವು. ಮೈಯಲ್ಲಿನ ಸ್ಥಿರವಿದ್ಯುತ್ತು ಇಳಿದುಹೋಗಲೆಂದು ಬಾಡಿಯ ಬರಿ ಲೋಹವನ್ನು ಮುಟ್ಟಿ, ಪಿನ್ನುಗಳಿಗೆ ಬೆರಳು ತಾಗಿಸದೆ ಮಾಡ್ಯೂಲನ್ನು ಕೂರಿಸಿ, ಕಪ್ಲರಿನ ಲಾಕ್ ಒತ್ತಿದೆವು. ಇಂಜಿನ್ ಮೊದಲ ಸೆಲ್ಫಿಗೇ ಹತ್ತಿತು. ಐಡ್ಲಿಂಗ್ ಸ್ವಲ್ಪ ಏರಿಳಿಯುತ್ತಿತ್ತು. ಸ್ಕ್ಯಾನರಿನಿಂದ ಥ್ರಾಟಲ್ ಕಲಿಕೆ, ಅಂದರೆ ಗಾಳಿಯ ಕವಾಟದ ಸ್ಥಾನವನ್ನು ಇಸಿಎಂಗೆ ಕಲಿಸುವ ಕೆಲಸ, ಮಾಡಿಸಿದ ಮೇಲೆ ಆ ಏರಿಳಿತ ನಿಂತಿತು. ಡ್ರೈಯರ್ ಪರೀಕ್ಷೆಯನ್ನು ಇದಕ್ಕೂ ಮಾಡಿದೆವು. ಇಪ್ಪತ್ತು ನಿಮಿಷ ಊದಿದರೂ 5 ವೋಲ್ಟ್ ಕದಲಲಿಲ್ಲ.

ಆ ಪುಡಿಗೆ ಕಾರಣವಾದ ನೀರು ಒಳಗೆ ಹೋದ ದಾರಿಯನ್ನು ಮುಚ್ಚದೆ ಬಿಟ್ಟಿದ್ದರೆ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿರುತ್ತಿರಲಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ವೈಪರಿನ ಕೆಳಗಿನ ಜಾಲರಿಯೊಳಗೆ, ಮಳೆನೀರು ಎರಡೂ ಬದಿಗೆ ಇಳಿದುಹೋಗುವ ತೂತುಗಳಿರುತ್ತವೆ. ನಮ್ಮ ಗಾಡಿ ನಿಲ್ಲುವುದು ಹಲಸಿನ ಮರದ ಕೆಳಗೆ. ಕೊಳೆತ ಎಲೆ ಎಡಗಡೆಯ ತೂತನ್ನು ಮುಚ್ಚಿ, ತುಂಬಿದ ನೀರು ವೈರಿನ ಕಟ್ಟಿಗೆ ಹನಿದು, ವೈರಿನ ಗುಂಟ ಜಾರಿ ಕಪ್ಲರಿನೊಳಗೆ ಸೇರುತ್ತಿತ್ತು. ಕೊಳೆಯನ್ನು ತೆಗೆದು, ವೈರಿನ ಕಟ್ಟು ಕಪ್ಲರಿಗಿಂತ ಕೆಳಗೆ ಬಾಗಿ ಮತ್ತೆ ಮೇಲೇರುವಂತೆ ಹೊಸದಾಗಿ ಕಟ್ಟಿದೆವು. ಈಗ ಮೇ ತಿಂಗಳ ಕೊನೆಯ ವಾರ ಜಾಲರಿ ಬಿಚ್ಚಿ, ಒಂದು ತಂಬಿಗೆ ನೀರು ಹೊಯ್ದು, ಎರಡೂ ಚಕ್ರಗಳ ಹಿಂದೆ ನೀರು ಇಳಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಜಾಲರಿಯನ್ನು ಮತ್ತೆ ಕೂರಿಸುತ್ತೇನೆ.