ಗಾಡಿ ತಳ್ಳಿದ್ದಕ್ಕೆ ಹೆಲ್ಮೆಟ್ ಕೇಸು

ನನ್ನ ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಟ್ಟು ಎರಡು ವರ್ಷವಾಗಿತ್ತು. ಸ್ಟ್ಯಾಂಡ್ ತೆಗೆದು ಗಾಡಿ ಅಲ್ಲಾಡಿಸುವುದು, ಟ್ಯಾಂಕಿನ ಸದ್ದು ಕೇಳುವುದು, ಅಂದಾಜು ಮಾಡುವುದು. ಮೇ ತಿಂಗಳ ಒಂದು ಸಂಜೆ ಅಂದಾಜು ತಪ್ಪಿತು. ಬಾವುಟಗುಡ್ಡೆಯಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಮಂಗಳೂರಿನ ಮೇ ಸೆಕೆ ಗೊತ್ತಲ್ವಾ? ಸುಮ್ನೆ ನಿಂತರೂ ಬೆನ್ನಲ್ಲಿ ನೀರು ಇಳಿಯುತ್ತದೆ. ಹೆಲ್ಮೆಟ್ ತೆಗೆದು ಕನ್ನಡಿಗೆ ನೇತು ಹಾಕಿ ಹಂಪನಕಟ್ಟೆ ಕಡೆ ಇಳಿದು ಬಂದೆ. ಕೆಳಗೆ ಗಾಡಿ ತಳ್ಳಿಕೊಂಡು ಹೋಗುವಾಗ ಒಬ್ಬ ಟ್ರಾಫಿಕ್ ಪೊಲೀಸರು ಮೊಬೈಲ್ ಎತ್ತಿ ಹಿಡಿದದ್ದು ಕಂಡಿತು. "ಪೆಟ್ರೋಲ್ ಖಾಲಿ ಸರ್" ಅಂದೆ. ತಲೆಯಾಡಿಸಿದರು. ಅರ್ಥವಾಯಿತು ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಮೆಸೇಜ್ ಬಂತು. ಹೆಲ್ಮೆಟ್ ಇಲ್ಲದೆ ಸವಾರಿ, ದಂಡ 500 ರೂಪಾಯಿ. ಜೊತೆಗೆ ಫೋಟೋ. ನನ್ನ ಬೆನ್ನು ಕಾಣುತ್ತದೆ, ಬೋಳು ತಲೆ ಚೆನ್ನಾಗಿಯೇ ಕಾಣುತ್ತದೆ, ನಂಬರ್ ಪ್ಲೇಟ್ ಅರ್ಧ ಕಾಣುತ್ತದೆ. ಸೊಂಟದಿಂದ ಕೆಳಗೆ ಮಾತ್ರ ಒಂದು ಆಟೋ ಅಡ್ಡ ಬಂದಿದೆ. ಅಂದರೆ ಕಾಲುಗಳೇ ಇಲ್ಲ. ಕೇಸು ಪೂರಾ ನಿಂತಿದ್ದು ಆ ಕಾಲುಗಳ ಮೇಲೆ!

ಹೆಂಡತಿ ಲೆಕ್ಕಾಚಾರದವಳು. "2023ರಲ್ಲಿ ಅರ್ಧ ದಂಡ ಕಟ್ಟಿದ್ರೆ ಸಾಕು ಅಂತ ಸರ್ಕಾರ ರಿಯಾಯಿತಿ ಕೊಟ್ಟಿತ್ತಲ್ಲ, ಇನ್ನೊಮ್ಮೆ ಬಂದಾಗ 250 ಕಟ್ಟಿದ್ರಾಯ್ತು" ಅಂದಳು. ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತರಾಗಿರುವ ನನ್ನ ಭಾವನದ್ದು ಇನ್ನೂ ನೇರ ಮಾತು. "ಐನೂರಕ್ಕೆ ಕೋರ್ಟಾ? ನಿನ್ನ ಮಂಡೆ ಸಮ ಉಂಟಾ ಮಾರಾಯ?"

ಆದರೂ ಕಾಯ್ದೆ ಏನು ಹೇಳುತ್ತದೆ ಅಂತ ತೆಗೆದು ತೋರಿಸಿದ್ದು ಅವರೇ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು. ದ್ವಿಚಕ್ರ ವಾಹನ ಓಡಿಸುವವರು, ಸವಾರಿ ಮಾಡುವವರು, ಅದರ ಮೇಲೆ ಕೂತು ಹೋಗುವವರು ಹೆಲ್ಮೆಟ್ ಹಾಕಬೇಕು. ತಳ್ಳುವವರ ಸುದ್ದಿಯೇ ಇಲ್ಲ. ಹಾಗಾದರೆ ನಾನು ಪಾದಚಾರಿ. ನೂರು ಕಿಲೋ ಕಬ್ಬಿಣ ಜೊತೆಗಿದ್ದ ಪಾದಚಾರಿ, ಅಷ್ಟೇ.

"ಸರಿ, ಆದ್ರೆ ಇನ್ನೊಂದು ಕೇಳು" ಅಂದರು ಭಾವ. 2019ರಲ್ಲಿ ಕೇಂದ್ರದವರು ಈ ದಂಡವನ್ನು 1000 ಮಾಡಿದರು, ಮೇಲಿಂದ ಮೂರು ತಿಂಗಳು ಲೈಸೆನ್ಸ್ ಅಮಾನತು. ರಾಜಿಯಲ್ಲಿ ಕಟ್ಟುವವರಿಗೆ ನಮ್ಮ ರಾಜ್ಯ 500ಕ್ಕೆ ಇಳಿಸಿದೆ. ಕೋರ್ಟಿಗೆ ಹೋಗಿ ಸೋತರೆ ಆ ರಿಯಾಯಿತಿ ಸಿಗುತ್ತದೆ ಅಂತ ನಂಬಿ ಕೂರಬೇಡ ಅಂದರು. ಅಷ್ಟು ಹೇಳಿದ ಮೇಲೂ ನಾನು ಸ್ಟೇಷನ್ನಿಗೆ ಹೋಗಿ "ಕಟ್ಟುವುದಿಲ್ಲ, ಕೋರ್ಟಿಗೆ ಕಳಿಸಿ" ಅಂದೆ. ಹಟ ಅಂದರೆ ಹಟ. ಆ ಫೋಟೋ ನೋಡಿದಾಗಲೆಲ್ಲ ಸಿಟ್ಟು ಬರುತ್ತಿತ್ತು.

ಸಮನ್ಸ್ ಬಂದದ್ದು ಆಟಿ ತಿಂಗಳಲ್ಲಿ. ಜಡಿಮಳೆ. ಕರಂಗಲ್ಪಾಡಿಯಲ್ಲಿ ಬಸ್ಸಿಳಿದು ಕೋರ್ಟ್ ಸೇರುವಷ್ಟರಲ್ಲಿ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಜಗಲಿ ತುಂಬ ನೀರು ಸುರಿಸುವ ಕೊಡೆಗಳು. ಹತ್ತೂವರೆಗೆ ಬಂದವನ ಹೆಸರು ಕೂಗಿದ್ದು ಹನ್ನೆರಡೂಕಾಲಿಗೆ. ಅಷ್ಟರಲ್ಲಿ ಹತ್ತಿಪ್ಪತ್ತು ಸಣ್ಣ ಕೇಸುಗಳು ಮುಗಿದಿದ್ದವು. ಹೆಸರು ಕೂಗುತ್ತಾರೆ, ಓಡಿ ಹೋಗಿ ನಿಲ್ಲುತ್ತಾರೆ, "ತಪ್ಪು ಒಪ್ಪಿಕೊಳ್ತೀರಾ?", "ಹೌದು", ದಂಡ, ಮುಂದಿನವರು. ಒಬ್ಬ ಅಜ್ಜ ಪ್ರಶ್ನೆ ಮುಗಿಯುವ ಮೊದಲೇ "ಹೌದು ಸ್ವಾಮಿ" ಅಂದುಬಿಟ್ಟರು. ಯಾವ ತಪ್ಪು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ನನ್ನ ಸರದಿ ಬಂತು. ಮ್ಯಾಜಿಸ್ಟ್ರೇಟರು ಹೆಂಗಸು. ಕಾಗದದಿಂದ ತಲೆ ಎತ್ತದೆ ಅದೇ ಪ್ರಶ್ನೆ ಕೇಳಿದರು.

"ಇಲ್ಲ ಮೇಡಂ."

ತಲೆ ಎತ್ತಿದರು. ಬೆಂಚ್ ಕ್ಲರ್ಕ್ ಕೂಡ ಪೆನ್ನು ನಿಲ್ಲಿಸಿದರು.

"ವಕೀಲರನ್ನು ಇಟ್ಟಿದ್ದೀರಾ?"

"ಇಲ್ಲ ಮೇಡಂ. ನಾನೇ ಹೇಳ್ತೇನೆ. ಗಾಡಿ ತಳ್ಳಿಕೊಂಡು ಹೋಗ್ತಿದ್ದೆ."

ಹಿಂದಿನಿಂದ ಯಾರೋ ನಕ್ಕರು. "ಅದನ್ನು ಸಾಕ್ಷಿ ದಿನ ಹೇಳಿ" ಎಂದು ಮೇಡಂ ಮುಂದಿನ ಡೇಟ್ ಕೊಟ್ಟರು. ಒಂದು ನಿಮಿಷದ ಕೆಲಸ, ಅರ್ಧ ದಿನದ ರಜೆ.

ಎರಡನೇ ಸಲ ಸಾಕ್ಷಿ ಪೊಲೀಸರು ಬಂದೋಬಸ್ತಿಗೆ ಹೋಗಿದ್ದರು. ಬನ್ಸ್ ತಿಂದು, ಚಾ ಕುಡಿದು ವಾಪಸ್.

ಮೂರನೇ ಡೇಟಿನ ಮೊದಲ ರಾತ್ರಿ ಭಾವ ಒಂದು ಉಪಾಯ ಹೇಳಿದರು. ಮೊಬೈಲ್ ಫೋಟೋವನ್ನು ಸಾಕ್ಷಿಯಾಗಿ ಕೊಡಬೇಕಾದರೆ ಜೊತೆಗೆ ಒಂದು ಸರ್ಟಿಫಿಕೇಟ್ ಇರಬೇಕಂತೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೇ ಕಲಮು. "ಅದು ಇಲ್ಲ ಅಂತ ಹಿಡಿ, ಸಾಕು." ನನಗೆ ಹಾಗೆ ಗೆಲ್ಲಲು ಮನಸ್ಸಿರಲಿಲ್ಲ. ಮೊದಲನೆಯದಾಗಿ, ನಾನು ತಗೊಂಡು ಹೋಗುತ್ತಿದ್ದ ಕಾಗದವೂ ಮೊಬೈಲಿನದ್ದೇ. ಫೋಟೋದಲ್ಲಿ ಹೊತ್ತು 6:41. ಬಂಕಿನಲ್ಲಿ ಪೆಟ್ರೋಲಿಗೆ ನಾನು ಫೋನಿನಿಂದ ಹಣ ಕಳಿಸಿದ್ದು 7:02. ಅದರ ಪ್ರಿಂಟ್ ಕಿಸೆಯಲ್ಲಿತ್ತು. ಎರಡನೆಯದಾಗಿ, ನನಗೆ ನನ್ನ ಕಾಲುಗಳು ವಾಪಸ್ ಬೇಕಿದ್ದವು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಭಾವನಿಗೂ ಹೇಳಿರಲಿಲ್ಲ. ಬಾವುಟಗುಡ್ಡೆಯಿಂದ ನಾನು 'ಇಳಿದು ಬಂದೆ' ಅಂದೆನಲ್ಲ, ಆ ಇಳಿಜಾರಿನಲ್ಲಿ ಗಾಡಿ ತಳ್ಳಿರಲಿಲ್ಲ. ಕೂತಿದ್ದೆ. ಇಂಜಿನ್ ಆಫ್, ಒಂದು ಕಾಲು ನೆಲಕ್ಕೆ ತಾಗಿಸಿ, ಗಾಳಿಗೆ ತಲೆ ಕೊಟ್ಟು, ಆರಾಮವಾಗಿ. ಸಮತಟ್ಟು ಬಂದು ಗಾಡಿ ನಿಂತ ಮೇಲೆ ಇಳಿದು ತಳ್ಳಿದೆ. ಪೊಲೀಸರು ನಿಂತಿದ್ದದ್ದು ಆ ಸಮತಟ್ಟಿನಲ್ಲಿ. ಫೋಟೋ ತೆಗೆಯುವಾಗ ನಾನು ನಡೆಯುತ್ತಿದ್ದದ್ದು ಸತ್ಯ. ಅದಕ್ಕಿಂತ ಒಂದೆರಡು ನಿಮಿಷ ಮೊದಲಿನದ್ದೂ ಸತ್ಯ.

ಸಾಕ್ಷಿ ಹೇಳಲು ಬಂದವರು ಅವರೇ. ಮೂವತ್ತರ ಆಸುಪಾಸು, ಮಳೆಗೆ ನೆನೆದ ಯೂನಿಫಾರ್ಮ್. "ಆರೋಪಿ ಹೆಲ್ಮೆಟ್ ಧರಿಸದೆ ಸವಾರಿ ಮಾಡುತ್ತಿದ್ದರು" ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಏನಾದರೂ ಕೇಳುವುದಿದೆಯಾ ಅಂತ ಮೇಡಂ ನನ್ನ ಕಡೆ ನೋಡಿದರು. ಮನೆಯಲ್ಲಿ ಕನ್ನಡಿ ಮುಂದೆ ಹತ್ತು ಪ್ರಶ್ನೆ ಬಾಯಿಪಾಠ ಮಾಡಿದ್ದೆ. ಒಂದೇ ಹೊರಬಂತು.

"ಸರ್, ಗಾಡಿಯ ಇಂಜಿನ್ ಸದ್ದು ಕೇಳಿತ್ತಾ?"

ಅವರು ಸ್ವಲ್ಪ ಯೋಚಿಸಿದರು. "ರಸ್ತೆಯಲ್ಲಿ ಸದ್ದು ಜಾಸ್ತಿ ಇತ್ತು. ನೆನಪಿಲ್ಲ."

ಮೇಡಂ ಫೋಟೋವನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ನಂಬರ್ ಪ್ಲೇಟ್ ಬಲಗಡೆ, ನನ್ನ ಬೆನ್ನು ಅದರ ಎಡಕ್ಕೆ ಒಂದು ಮೊಳ ಆಚೆ. "ಗಾಡಿ ಮೇಲೆ ಕೂತವರು ಇಷ್ಟು ಪಕ್ಕಕ್ಕೆ ಹೇಗೆ ಇರ್ತಾರೆ?" ಎಂದು ಸಾಕ್ಷಿಯನ್ನು ಕೇಳಿದರು. ಅವರು ಉತ್ತರಿಸಲಿಲ್ಲ. ನನ್ನ ಪ್ರಿಂಟಿನ ಕಡೆ ಮೇಡಂ ಕಣ್ಣೂ ಹಾಯಿಸಲಿಲ್ಲ.

"ಫೋಟೋ ತೆಗೆದಾಗ ನೀವು ನಡೀತಾ ಇದ್ರಿ?"

"ಹೌದು ಮೇಡಂ."

ಅದಕ್ಕೂ ಮೊದಲು ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಊಟಕ್ಕೆ ಏಳುವ ಮೊದಲು ಖುಲಾಸೆ ಎಂದರು.

ಹೊರಗೆ ಮಳೆ ಬಿಟ್ಟಿರಲಿಲ್ಲ. ಜಗಲಿಯಲ್ಲಿ ಆ ಪೊಲೀಸರೂ ನಾನೂ ಅಕ್ಕಪಕ್ಕ ನಿಂತೆವು. ಮೂರು ಅರ್ಧ ದಿನದ ಸಂಬಳ, ಬಸ್ಸು, ಜೆರಾಕ್ಸ್, ಬನ್ಸ್ ಅಂತ ನಾನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. 500 ಯಾವಾಗಲೋ ದಾಟಿತ್ತು. ಅವರು ಕೊಡೆ ಬಿಡಿಸುತ್ತಾ ಕೇಳಿದರು:

"ಪೆಟ್ರೋಲ್ ಖಾಲಿ ಆದದ್ದು ಎಲ್ಲಿ?"

"ಬಾವುಟಗುಡ್ಡೆಯಲ್ಲಿ."

ಅವರು ನಕ್ಕುಬಿಟ್ಟರು. "ಅಲ್ಲಿಂದ ಕೆಳಗೆ ಯಾರು ತಳ್ಳಿಕೊಂಡು ಬರ್ತಾರೆ ಮಾರಾಯ್ರೆ?" ಅಂದವರು ಮಳೆಗೆ ಇಳಿದು ಹೋದರು.