ನಾಲಿಗೆ ಕೆಳಗಿನ ಹತ್ತು ನಿಮಿಷ

ಚಿಕ್ಕಮ್ಮ ಬೀರುವಿನ ಬೀಗ ತೆಗೆದು ಮಾತ್ರೆ ಕೊಟ್ಟರು. ಅವರ ಮಗ, ನನ್ನ ತಮ್ಮ, ಅದನ್ನು ನಾಲಿಗೆ ಕೆಳಗಿಟ್ಟುಕೊಂಡ. "ಬಾಯಿ ತೆಗಿ" ಅಂದರು. ಇಪ್ಪತ್ತೇಳು ವರ್ಷದ ಹುಡುಗ ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿದ. ನಾನು ಕಿಟಕಿ ಕಡೆ ತಿರುಗಿದೆ.

ಸಂಕ್ರಾಂತಿ ಕಳೆದು ಮದುವೆಗಳು ಶುರುವಾಗಿದ್ದವು. ಚಿಕ್ಕಪ್ಪ, ಚಿಕ್ಕಮ್ಮ ಮದ್ದೂರಿಗೆ ಹೋಗಬೇಕಿತ್ತು. ಇವನನ್ನು ಕರೆದುಕೊಂಡು ಹೋಗುವ ಹಾಗಿಲ್ಲ, ಒಬ್ಬನನ್ನೇ ಬಿಡುವ ಹಾಗೂ ಇಲ್ಲ. ಹಾಗಾಗಿ ಆ ಭಾನುವಾರ ಕಾವಲು ನನ್ನದು. ನೆಂಟರು ಕೇಳಿದರೆ ಹುಡುಗನಿಗೆ ಜಾಂಡೀಸ್. ಎರಡು ತಿಂಗಳಿಂದ ಜಾಂಡೀಸೇ. ಹೊರಡುವಾಗ ಚಿಕ್ಕಮ್ಮ ಪಿಸುಗುಟ್ಟಿದರು: "ಕೈಗೆ ದುಡ್ಡು ಕೊಡಬೇಡ. ಬಚ್ಚಲು ಮನೆ ಚಿಲಕ ಹಾಕ್ಕೊಳ್ಳೋಕೆ ಬಿಡಬೇಡ."

ಬೈಕಿನಿಂದ ಬಿದ್ದು ಕಾಲಿಗೆ ರಾಡ್ ಹಾಕಿಸಿಕೊಂಡಾಗ ನೋವಿಗೆ ಅಂತ ಶುರುವಾದದ್ದು ಟಪೆಂಟಡಾಲ್, ಅಫೀಮಿನ ಗುಂಪಿನ ಮಾತ್ರೆ. ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ್ದು ಅವನಿಗೆ ಹೇಗೋ ಸಿಗುತ್ತಿತ್ತು. ಬಿಟ್ಟರೆ ಕಣ್ಣಲ್ಲಿ ನೀರು, ಆಕಳಿಕೆ, ಭೇದಿ, ಕಾಲಿನ ಮೂಳೆಯೊಳಗೆ ಸೆಳೆತ. ಅದನ್ನು ಬಿಡಿಸಲು ಈಗ ಕೊಡುತ್ತಿರುವುದು ಬ್ಯುಪ್ರೆನಾರ್ಫಿನ್, ನಲಾಕ್ಸೋನ್ ಸೇರಿದ ಮಾತ್ರೆ. ನುಂಗಿದರೆ ಬಹುಪಾಲು ವ್ಯರ್ಥ. ನಾಲಿಗೆ ಕೆಳಗೆ ಐದು-ಹತ್ತು ನಿಮಿಷ ಕರಗಬೇಕು. ಅಲ್ಲಿಯವರೆಗೆ ಮಾತಾಡಬಾರದು. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟ" ಅನ್ನುತ್ತಾರೆ ಚಿಕ್ಕಪ್ಪ, ತಮ್ಮದೇ ಶುಗರ್ ಮಾತ್ರೆ ನುಂಗುತ್ತಲೇ.

ಮಾತ್ರೆ ಕರಗಿದ ಮೇಲೂ ಅವನು ಸುಮ್ಮನೇ ಇದ್ದ. ನಾನು ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆ ತಂದು ಮುಂದಿಟ್ಟೆ. ಹಿತುಕುತ್ತಾ ಕೂತೆವು. ಅವನ ಬೆರಳಿಂದ ಒಂದು ಬೇಳೆ ಚಿಮ್ಮಿ ಕ್ಯಾಲೆಂಡರಿಗೆ ಬಡಿಯಿತು. ನಕ್ಕ. ಆಮೇಲೆ, ತಲೆ ಎತ್ತದೆ, "ಅಕ್ಕ, ನನ್ನ ಫೋನಲ್ಲಿ ಎಷ್ಟು ನಂಬರ್ ಇದೆ ಗೊತ್ತಾ? ಐದು" ಅಂದ. ಹಳೇ ಸಂಗ ಬಿಡಬೇಕು ಅಂತ ಚಿಕ್ಕಪ್ಪ ಸಿಮ್ಮನ್ನೇ ಬದಲಾಯಿಸಿದ್ದರು. ಉಳಿದದ್ದು ಅಪ್ಪ, ಅಮ್ಮ, ನಾನು, ಕೌನ್ಸೆಲರ್, ಗ್ಯಾಸ್ ಏಜೆನ್ಸಿ.

"ಅವರು ಕೆಟ್ಟೋರೇ ಇರ್ಬೋದು. ಆದ್ರೆ ದಿನಾ ‘ಎಲ್ಲಿದ್ದೀಯೋ’ ಅಂತ ಕೇಳೋರು."

ದಿನಾ ನಾನೂ ಕೇಳುತ್ತಿದ್ದೆ. ‘ಮಾತ್ರೆ ತಗೊಂಡ್ಯಾ’ ಅಂತ.

ಕಾಲು ಮುರಿದಾಗ ಅವನು ಪೀಜಿಯಲ್ಲಿದ್ದ. ರೂಮಿನವರು ಕೆಲಸಕ್ಕೆ ಹೋದರೆ ಬರುವುದು ರಾತ್ರಿ. "ನೋವು ತಡ್ಕೋಬೋದಿತ್ತು. ಸಂಜೆ ಏಳು ಗಂಟೆ ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ಮಾತ್ರೆ ತಗೊಂಡ್ರೆ ಯಾರಿಗಾದ್ರೂ ಫೋನ್ ಮಾಡ್ಬೇಕು ಅನ್ನೋದೇ ಹೋಗೋದು." ಅಕ್ಕರೆಯವರ ಜೊತೆಗಿದ್ದಾಗ ಮಿದುಳು ತಾನೇ ಮಾಡಿಕೊಳ್ಳುವ, ನೋವು ಮರೆಸುವ ಎಂಡಾರ್ಫಿನ್ ಹೋಗಿ ಕೂರುವ ಜಾಗದಲ್ಲೇ ಈ ಮಾತ್ರೆಯೂ ಕೂರುತ್ತದೆ ಎಂದು ಕೌನ್ಸೆಲರ್ ಒಮ್ಮೆ ಹೇಳಿದ್ದರು. ಆಗ ಪಾಠದ ಹಾಗೆ ಕೇಳಿಸಿತ್ತು. ಮಂಡ್ಯದ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಡಾಕ್ಟರ್, ಆಗಿದ್ದಾಗ 2016ರಲ್ಲಿ ಇಂಥ ನೋವಿನ ಮಾತ್ರೆಗಳ ಬಗ್ಗೆ ಅಲ್ಲಿನ ವೈದ್ಯರಿಗೆ ಪತ್ರ ಬರೆದರು, 2023ರಲ್ಲಿ ಒಂಟಿತನದ ಬಗ್ಗೆ ಎಚ್ಚರಿಕೆ ಹೊರಡಿಸಿದರು. ಚಿಕ್ಕಮ್ಮನಿಗೆ ಅವರು ‘ನಮ್ ಕಡೆ ಹುಡುಗ’. ಆ ಎರಡು ಸುದ್ದಿಗೂ ನಮ್ಮ ಮನೆಯಲ್ಲೇ ಗಂಟು ಬಿದ್ದಿದೆ ಅಂತ ನನಗೆ ಹೊಳೆದದ್ದು ಅವತ್ತು, ಅವರೆಕಾಳಿನ ಮುಂದೆ.

ಚಿಕ್ಕಮ್ಮನ ಭಯವೇನೂ ಸುಳ್ಳಲ್ಲ. ಚಿಕಿತ್ಸೆ ಬಿಟ್ಟು ಮತ್ತೆ ಹಳೇ ಚಾಳಿಗೆ ಹೋದರೆ, ಮೊದಲು ತಡೆಯುತ್ತಿದ್ದ ಅಳತೆಯನ್ನೇ ಮೈ ತಡೆಯದೆ ಉಸಿರು ನಿಲ್ಲಬಹುದು. ಎಬ್ಬಿಸಲು, 108ಕ್ಕೆ ಒತ್ತಲು ಪಕ್ಕದಲ್ಲಿ ಒಬ್ಬರು ಬೇಕು. ನಾವೆಲ್ಲ ಇದ್ದದ್ದು ಪಕ್ಕದಲ್ಲಲ್ಲ, ಬಾಗಿಲಲ್ಲಿ.

ಸಂಜೆ ಚಿಕ್ಕಮ್ಮ ನನಗೆ ಫೋನ್ ಮಾಡಿದರು. "ಹೇಗಿದ್ದಾನೆ?"

"ಅವನಿಗೇ ಮಾಡಿ ಕೇಳಿ ಚಿಕ್ಕಮ್ಮ" ಅಂದು ಇಟ್ಟೆ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಟೀವಿ ಪಕ್ಕದಲ್ಲಿದ್ದ ಅವನ ಫೋನ್ ಹೊಡೆದುಕೊಂಡಿತು. ಕೈಯೆಲ್ಲ ಅವರೆಯ ಲೋಳೆ. ಅಂಗಿಗೆ ಒರೆಸಿಕೊಂಡು ಎತ್ತಿದ.

"ಊಟಕ್ಕೆ ಏನ್ ಹಾಕಿದ್ರಮ್ಮ?" ಅಂದ. ಸ್ವಲ್ಪ ಹೊತ್ತು ಕೇಳಿಸಿಕೊಂಡ. "ನನ್ ಜಾಂಡೀಸ್ ಯಾರಾದ್ರೂ ವಿಚಾರಿಸಿದ್ರಾ?"